ಲೂಯಿಸಿಯಾನಾ ಯಾರ ಸೊತ್ತು?

ಅಮೆರಿಕದ ಲೂಯಿಸಿಯಾನಾ ರಾಜ್ಯದ ಲಫಯೆಟ್ ನಗರದ ವಿಶ್ವವಿದ್ಯಾನಿಲಯವು ತನ್ನ ಕ್ರೀಡಾತಂಡಗಳನ್ನು ಬರಿದೆ 'ಲೂಯಿಸಿಯಾನಾ' ಎಂದು ಕರೆದುಕೊಳ್ಳುವುದು ಪರರ ಕೀರ್ತಿಯ ಅಪಹರಣವೆಂದೂ, ಅಧಿಕೃತ ನಾಮವನ್ನು ಊರಿನ ಹೆಸರೆಂಬ ಬಾಲಸಹಿತವಾಗಿಯೇ ಉಚ್ಚರಿಸತಕ್ಕದ್ದೆಂದೂ ಬ್ಯಾಟನ್ ರೂಜ್‌ನ ಅಭಿಮಾನಿಗಳ ಪಕ್ಷವಹಿಸಿ ಬರೆದಿರುವ ಮಹನೀಯರ ಲೇಖನವನ್ನು ಓದಿದಾಗ, ಈ ನ್ಯಾಯವನ್ನು ಅವರು ಮೊದಲು ತಮ್ಮವರಿಗೇ ಏಕೆ ಅನ್ವಯಿಸಲಿಲ್ಲವೆಂಬ ಪ್ರಶ್ನೆ ಏಳದಿರದು. ಎಲ್‌ಎಸ್‌ಯು ಎಂಬ ಮೂರಕ್ಷರಗಳಿಂದ ಪ್ರಖ್ಯಾತವಾದ ಬ್ಯಾಟನ್ ರೂಜ್‌ನ ಸಂಸ್ಥೆಯ ವಿಧ್ಯುಕ್ತ ನಾಮಧೇಯ 'ಲೂಯಿಸಿಯಾನಾ ಸ್ಟೇಟ್ ಯೂನಿವರ್ಸಿಟಿ ಅಂಡ್ ಅಗ್ರಿಕಲ್ಚರಲ್ ಅಂಡ್ ಮೆಕ್ಯಾನಿಕಲ್ ಕಾಲೇಜ್'. 1877ರ ವಿಲೀನದ ಫಲವಾದ ಈ ಬಿರುದಾವಳಿಯನ್ನು ಶನಿವಾರದ ರಾತ್ರಿ ಟೈಗರ್ ಕ್ರೀಡಾಂಗಣದಲ್ಲಿ ಯಾವ ಭಕ್ತನು ತಾನೆ ಪೂರ್ತಿಯಾಗಿ ಕೂಗಿಯಾನು!

1898ರಲ್ಲಿ ಕೈಗಾರಿಕಾ ಶಿಕ್ಷಣಾಲಯವಾಗಿ ಸ್ಥಾಪಿತವಾಗಿ, 1960ರಲ್ಲಿ ನೈಋತ್ಯ ಲೂಯಿಸಿಯಾನಾ ವಿಶ್ವವಿದ್ಯಾನಿಲಯವೆನಿಸಿ, 1984ರಲ್ಲಿ ಆ ದಿಕ್ಕಿನ ಗುರುತನ್ನು ಕಳಚಿ ಬರಿಯ 'ಲೂಯಿಸಿಯಾನಾ ವಿಶ್ವವಿದ್ಯಾನಿಲಯ'ವಾಗಹೊರಟು, ಆ ಯತ್ನ ರದ್ದಾಗಲು, 1999ರಲ್ಲಿ ಊರಿನ ಹೆಸರನ್ನು ಕಟ್ಟಿಕೊಂಡ ಬಳಿಕವೇ, ಅದೂ ಮನ್ರೋ ನಗರದ ಸಂಸ್ಥೆ ಅದೇ ಮಾದರಿಯ ಹೆಸರನ್ನು ಜತೆಯಲ್ಲಿ ಧರಿಸಿದಾಗಲೇ, ರಾಜ್ಯನಾಮದಲ್ಲಿ ಭಾಗ ಪಡೆದ ಲಫಯೆಟ್ಟಿನ ವಿದ್ಯಾಲಯವನ್ನು ಕಳ್ಳನೆಂದು ಜರೆಯುವುದು ನ್ಯಾಯವಾದೀತೆ? ಅಧಿಕೃತ ನಾಮ ಇಂದಿಗೂ ಹಾಗೆಯೇ ಇದೆ. 2017ರಲ್ಲಿ ಬದಲಾದುದು ಕ್ರೀಡಾವಿಭಾಗದ ವ್ಯವಹಾರನಾಮ ಮಾತ್ರ. ತಮ್ಮದು ಮೂರಕ್ಷರಕ್ಕೆ ಸಂಕ್ಷೇಪಗೊಳ್ಳಬಹುದು, ನೆರೆಯವರದು ಒಂದಕ್ಷರವೂ ತಗ್ಗಬಾರದು ಎಂಬ ಶಾಸ್ತ್ರ ಯಾವ ಸ್ಮೃತಿಯದೋ ಕಾಣೆ.

ಆಕ್ಷೇಪಿಸುವ ಹಕ್ಕು ಯಾರಿಗಾದರೂ ಉಂಟೆಂದರೆ ಅದು ಸಮಾನ ಪದ್ಧತಿಯ ಹೆಸರನ್ನು ಹೊತ್ತು ಇನ್ನೂ ಊರಿನ ಹೆಸರಿನಿಂದಲೇ ಗುರುತಿಸಲ್ಪಡುತ್ತಿರುವ ಮನ್ರೋದವರಿಗೆ. ಲೇಖಕ ಮಹಾಶಯರಿಗೆ ಅವರ ನೆನಪೇ ಬಂದಂತಿಲ್ಲ.