ಮಗ್ಗಿಯನ್ನು ಮೈದಾನಕ್ಕೆ ಕರೆತನ್ನಿ

ಮುಂಬೈ ಪರೇಲಿನ ಕನ್ನಡದ ತಾಯ್ತಂದೆಯರೇ, ಗುರುಗಳೇ, ಗಣಿತದ ಹೆಸರಿನಲ್ಲಿ ಮಕ್ಕಳ ಆಟದ ಪೀರಿಯಡ್ ಕಿತ್ತುಕೊಳ್ಳಬೇಡಿ. ಪರೀಕ್ಷೆ ಹತ್ತಿರ ಬಂದಾಗ ಮೊದಲು ಹೋಗುವುದು ಅದೇ; ಸಂಜೆಯನ್ನು ಟ್ಯೂಷನ್ ನುಂಗುತ್ತದೆ. 'ಏಳೆಂಟ್ಲ ಐವತ್ತಾರು' ಎಂದು ಗಿಣಿಪಾಠ ಒಪ್ಪಿಸುವ ಮಗುವನ್ನು, ಐವತ್ತಾರು ಹೆಜ್ಜೆ ಎಂದರೆ ಎಲ್ಲಿಯವರೆಗೆ ಎಂದು ಕೇಳಿ ನೋಡಿ.

ನಮ್ಮ ಚಿನ್ನಿದಾಂಡು, ಇಲ್ಲಿಯವರ ವಿಟಿ-ದಾಂಡು, ಆಡುವಾಗ ಹತ್ತಿರ ನಿಂತು ನೋಡಿದ್ದೀರಾ? ಚಿನ್ನಿ ಬಿದ್ದ ಕಡೆ ಕಣ್ಣಿಟ್ಟು ಹುಡುಗಿ 'ನಲವತ್ತು ದಾಂಡು!' ಎಂದು ಕೂಗುತ್ತಾಳೆ. ಎದುರು ಪಕ್ಷ ಒಪ್ಪದಿದ್ದರೆ ಅಳೆಯಲೇಬೇಕು. ದಾಂಡನ್ನು ನೆಲಕ್ಕೆ ಮಲಗಿಸಿ, ತುದಿಗೆ ತುದಿ ಕೂಡಿಸಿ, ಎರಡೂ ಕಡೆಯವರು ಒಟ್ಟಿಗೆ ಎಣಿಸುತ್ತಾ ಬಾಗಿ ಬಾಗಿ ಸಾಗುತ್ತಾರೆ. ಮೂವತ್ತೆಂಟಕ್ಕೇ ಮುಗಿದರೆ ಅವಳು ಔಟ್. ಅಂದಾಜು, ಅಳತೆ, ವ್ಯತ್ಯಾಸ ಎಲ್ಲವೂ ಅಲ್ಲಿದೆ. ಕಡಿಮೆಬಿದ್ದ ಆ ಎರಡು ದಾಂಡನ್ನು ಅವಳು ಮರೆಯುವುದುಂಟೇ!

ಹಾಗೆಂದು ಆಡಲು ಬಿಟ್ಟರೆ ಸಾಕು, ಗಣಿತ ತಾನಾಗಿ ಬರುತ್ತದೆ ಎನ್ನಲಾರೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ದುಫ್ಲೊ ಮತ್ತು ಸಂಗಡಿಗರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಮಾಡುವ ಮಕ್ಕಳು ಪುಸ್ತಕದ ಲೆಕ್ಕಕ್ಕೆ ತಡವರಿಸಿದರು. ಶಾಲೆಯ ಮಕ್ಕಳು ವ್ಯಾಪಾರದ ಲೆಕ್ಕಕ್ಕೆ ತಡವರಿಸಿದರು. ಆದ್ದರಿಂದಲೇ ಗುರುಗಳು ಬಯಲಿಗೆ ಇಳಿಯಬೇಕು. ಮೂವತ್ತೆಂಟನ್ನು ಅಲ್ಲೇ ಮಣ್ಣಿನ ಮೇಲೆ ಬರೆಸಿ, ನಲವತ್ತರಿಂದ ಕಳೆಸಿ. ದಾಂಡಿನ ಉದ್ದವನ್ನು ಟೇಪಿನಲ್ಲಿ ಅಳೆಸಿ, ಗುಣಿಸಿ ಮೀಟರ್ ಎಷ್ಟೆಂದು ಕೇಳಿ.

ಜಾಗ ಎಲ್ಲಿದೆ ಅನ್ನುತ್ತೀರಿ. ಆ ಪ್ರಶ್ನೆ ಕರುಳು ಹಿಂಡುತ್ತದೆ. ಇಲ್ಲಿಯ ಬಟ್ಟೆ ಗಿರಣಿಗಳ ನೆಲದಲ್ಲಿ ಸುಮಾರು ಮೂರನೆಯ ಒಂದು ಪಾಲು ಊರಿನ ಬಯಲಿಗೆ ಸಲ್ಲಬೇಕೆಂದು 1991ರ ನಿಯಮವಿತ್ತು. 2001ರ ತಿದ್ದುಪಡಿ ಅದನ್ನು ಕಟ್ಟಡವಿಲ್ಲದ ಖಾಲಿ ಜಾಗದ ಪಾಲಿಗಷ್ಟೇ ಇಳಿಸಿತು. 2006ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಗಿರಣಿಯಲ್ಲಿ ಬೆವರು ಸುರಿಸಿದವರ ಮೊಮ್ಮಕ್ಕಳು ಓಡಬೇಕಿದ್ದ ನೆಲದ ಮೇಲೆ ಇಂದು ಗೋಪುರಗಳಿವೆ.

ಉಳಿದಿರುವುದನ್ನಾದರೂ ಬಿಟ್ಟುಕೊಡಬೇಡಿ. ನರೆ ಪಾರ್ಕ್ ಇದೆ, ಕಾಮಗಾರ್ ಮೈದಾನವಿದೆ, ಶಾಲೆಯ ಅಂಗಳವಿದೆ. ಚಾಳಿನ ಅಂಗಳದಲ್ಲಿ ನಿಲ್ಲಿಸಿದ ಬೈಕು, ಕಾರುಗಳನ್ನು ಸಂಜೆ ಒಂದು ತಾಸು ಪಕ್ಕಕ್ಕೆ ಸರಿಸಿ. ಊರಿನಲ್ಲಿ ಚಿನ್ನಿ ಹೊಡೆದು ಬೆಳೆದ ಅಜ್ಜಂದಿರು ನಮ್ಮ ಮನೆಗಳಲ್ಲಿ ಟಿವಿ ಮುಂದೆ ಕುಳಿತಿದ್ದಾರೆ, ಅವರನ್ನು ಎಬ್ಬಿಸಿ ಕರೆತನ್ನಿ. ಮುಂದಿನ ಪಾಲಕರ ಸಭೆಯಲ್ಲಿ ಅಂಕಪಟ್ಟಿ ಕೈಗೆ ತೆಗೆದುಕೊಳ್ಳುವ ಮೊದಲೇ ಎದ್ದು ನಿಂತು ಕೇಳಿ: ವಾರಕ್ಕೊಂದು ಗಣಿತದ ಪೀರಿಯಡ್ ಹೊರಗೆ ನಡೆಯಬೇಕು, ಭಾನುವಾರ ಶಾಲೆಯ ಗೇಟು ಮಕ್ಕಳಿಗೆ ತೆರೆದಿರಬೇಕು.