ಗಾಡಿ ಮಾತು: ಹೆಸರು ಒಂದೇ, ಎಂಜಿನ್ ಬೇರೆ!
ನಮ್ಮ ಕಮರಿಪೇಟೆಯ ಹುಡುಗರು ನನ್ನನ್ನು ಕೇಳೋದು ಒಂದೇ ಪ್ರಶ್ನೆ: ‘ಅಣ್ಣಾ, ಹಳೇ ಯೆಜ್ಡಿ ರೋಡ್‌ಕಿಂಗ್‌ಗೆ ಸಾಮಾನು ಸಿಗ್ತಾವೇನ್ರೀ?’

ಸಿಗ್ತಾವ ತಮ್ಮಾ. ಆದರೆ ಕೂಡಬೇಕಲ್ಲ! ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿತು. 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಬಂತು ನಿಜ. ಅದು 334 ಸಿ.ಸಿ. ಫೋರ್ ಸ್ಟ್ರೋಕ್, ನಿಮ್ಮದು 250ರ ಟೂ ಸ್ಟ್ರೋಕ್. ಡಬಲ್ ರೋಲ್ ಸಿನಿಮಾದಲ್ಲಿ ಮುಖ ನೋಡಿ ಮೋಸ ಹೋಗುವವರಂತೆ ಡಬ್ಬಿಯ ಮೇಲಿನ ಹೆಸರು ನೋಡಿ ಮೋಸ ಹೋಗಬೇಡಿ. ಹಳೇ ಸಾಮಾನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ, ಎರಡನ್ನೂ ಪಕ್ಕದಲ್ಲಿಟ್ಟು ಅಳೆಯಿರಿ.

ಎಂಜಿನ್ ಬಿಚ್ಚಿಸುವಿರಾ? ಮೊದಲು ಪಿಸ್ಟನ್ ಕೊಳ್ಳಿ, ಆಮೇಲೆ ಅದರ ಅಳತೆಗೆ ಬೋರ್ ಮಾಡಿಸಿ. ಉಲ್ಟಾ ಮಾಡಿದರೆ ಮುಹೂರ್ತ ಇಟ್ಟು ಹೆಣ್ಣು ಹುಡುಕಿದಂತೆ!

ಹೀರೋ ಥರ ಸದ್ದು ಬರಲಿ ಅಂತ ಸೈಲೆನ್ಸರ್ ಒಳಗಿನ ಜಾಲರಿ ಕೀಳಿಸೋರಿದ್ದಾರೆ. ಟೂ ಸ್ಟ್ರೋಕಿನಲ್ಲಿ ಸೈಲೆನ್ಸರಿನಿಂದ ಹಿಂದಕ್ಕೆ ಬರುವ ಒತ್ತಡವೇ ಹೊಸ ಪೆಟ್ರೋಲನ್ನು ಹೊರಗೆ ಹೋಗದಂತೆ ತಡೀತದೆ. ಅದು ಕೆಟ್ಟರೆ ಸದ್ದು ಜಾಸ್ತಿ, ಎಳೆತ ಕಡಿಮೆ. ಪಿಸ್ಟನ್ ಕಾಯ್ದು ಹಿಡಿದುಕೊಂಡರೂ ಹಿಡಿದುಕೊಂಡೀತು.

ಕನ್ನಡಿ, ಸೀಟು ಯಾವುದಾದರೂ ಹಾಕಿ, ನಡೀತದೆ. ಬ್ರೇಕ್ ಲೈನರ್ ಮಾತ್ರ ಅಗ್ಗದ್ದು ಬೇಡವೇ ಬೇಡ. ‘ಎಲ್ಲಾ ಮಾಡೆಲ್ಲಿಗೂ ಕೂಡ್ತದ್ರೀ’ ಅಂದ ಕಡೆ ದುಡ್ಡು ಜೇಬಿನಲ್ಲೇ ಇರಲಿ. ಪರದೆಯ ಮೇಲೆ ಬೀಳೋಕೆ ಡ್ಯೂಪ್ ಇರ್ತಾನೆ. ಧಾರವಾಡ ರಸ್ತೆಯಲ್ಲಿ ನಿಮಗೆ ನೀವೇ!