ಎಸ್‌ಎಂಎಸ್‌ಗೆ ಇನ್ನೂ ಕೆಲಸವಿದೆ

ಮೊದಲ ಎಸ್‌ಎಂಎಸ್ 1992ರ ಡಿಸೆಂಬರ್ 3ರಂದು ಬ್ರಿಟನ್ನಿನ ವೊಡಾಫೋನ್ ಜಾಲದಲ್ಲಿ ಹೋಯಿತು. ಅದು ಕ್ರಿಸ್‌ಮಸ್ ಶುಭಾಶಯ. ಮುಂದೆ ಭಾರತದಲ್ಲೂ ಹಬ್ಬದ ಹಾರೈಕೆ, ಗೆಳೆಯರ ಹರಟೆ ಇದರಲ್ಲೇ ನಡೆದವು. ಹಬ್ಬದ ದಿನ ಕಂಪನಿಗಳು ಹೆಚ್ಚು ದರ ವಿಧಿಸುತ್ತಿದ್ದ ಕಾಲವದು. 2009ರಲ್ಲಿ ಹುಟ್ಟಿದ ವಾಟ್ಸ್‌ಆ್ಯಪ್ ಆ ಜಾಗವನ್ನು ಬಹುಪಾಲು ಕಸಿದುಕೊಂಡಿತು.

ಕನ್ನಡಕ್ಕೆ ಈ ಬದಲಾವಣೆ ಒಳ್ಳೆಯದೇ ಆಯಿತು. ಒಂದು ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿಯುತ್ತವೆ; ಕನ್ನಡದಲ್ಲಿ ಬರೆದರೆ ಸಿಗುವುದು 70 ಸಂಕೇತಗಳ ಜಾಗ ಮಾತ್ರ. ಅದರಲ್ಲೂ ಸ್ವರಚಿಹ್ನೆ, ಒತ್ತಕ್ಷರಗಳಿಗೆ ಬೇರೆ ಬೇರೆ ಲೆಕ್ಕ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ ಬೇಕು! ಹೊಸ ಸೇವೆಗಳಲ್ಲಿ ಈ ಇಕ್ಕಟ್ಟಿಲ್ಲ.

ಆದರೂ ಎಸ್‌ಎಂಎಸ್ ಅಳಿಯುವ ಲಕ್ಷಣವಿಲ್ಲ. ಅದಕ್ಕೆ ಇಂಟರ್‌ನೆಟ್ ಬೇಡ, ಆ್ಯಪ್ ಬೇಡ. ಹಳೆಯ ಕೀಪ್ಯಾಡ್ ಮೊಬೈಲಿಗೂ, ದುರ್ಬಲ ಸಿಗ್ನಲ್ ಇರುವ ಊರಿಗೂ ತಲುಪುತ್ತದೆ. ಬ್ಯಾಂಕಿನ ಒಟಿಪಿ, ರೈಲು ಟಿಕೆಟ್ಟಿನ ಮಾಹಿತಿ ಇದರಲ್ಲೇ ಬರುತ್ತಿರುವುದು ಅದಕ್ಕಾಗಿಯೇ. ಭದ್ರತೆಯಲ್ಲಿ ಮಾತ್ರ ಇದು ಹಿಂದೆ. ಸಂದೇಶ ಗೂಢಲಿಪಿಯಲ್ಲಿ ಕೊನೆಯವರೆಗೂ ಸಾಗುವುದಿಲ್ಲ. ಬೇರೆಯವರ ಹೆಸರಿನ ಸಿಮ್ ಪಡೆದ ವಂಚಕರು ಒಟಿಪಿ ಕದಿಯಬಲ್ಲರು. ಹಣದ ವ್ಯವಹಾರಕ್ಕೆ ಇದೊಂದನ್ನೇ ನೆಚ್ಚುವುದು ಸರಿಯಲ್ಲ.

ಹರಟೆಯ ಮಾಧ್ಯಮವಾಗಿ ಎಸ್‌ಎಂಎಸ್‌ನ ಕಾಲ ಮುಗಿದಿದೆ. ಸೂಚನೆಯ ಮಾಧ್ಯಮವಾಗಿ ಮುಗಿದಿಲ್ಲ. ಆ ಸೂಚನೆ ಓದುವವರ ಭಾಷೆಯಲ್ಲಿರಬೇಕು. ಕನ್ನಡದ ಸಂದೇಶ ಎರಡು ಮೂರು ಭಾಗವಾಗಿ ಖರ್ಚು ಹೆಚ್ಚುತ್ತದೆಂದು ಬ್ಯಾಂಕುಗಳೂ ಇಲಾಖೆಗಳೂ ಕನ್ನಡವನ್ನು ಕೈಬಿಡಬಾರದು.